ಎಚ್ಚರಿಕೆ ಹೇಳುವವರು ಯಾರು?

ಕಳೆದ ಆಗಸ್ಟ್ ತಿಂಗಳಿನಲ್ಲಿ ನಮ್ಮ ಶಾಲೆಯ ಚರ್ಚಾಕೂಟದ ವತಿಯಿಂದ ಒಂದು ಚರ್ಚಾಸ್ಪರ್ಧೆ ಏರ್ಪಟ್ಟಿದ್ದಿತೆಂಬುದು ವಿದ್ಯಾರ್ಥಿಗಳಿಗೆಲ್ಲ ನೆನಪಿರಬಹುದು. ಗಣಕಯಂತ್ರದಲ್ಲಾಗಲಿ ಮೊಬೈಲಿನಲ್ಲಾಗಲಿ ಹೊಸ ತಂತ್ರಾಂಶವೊಂದನ್ನು ಅಳವಡಿಸುವ ವೇಳೆಯಲ್ಲಿ, ಅದರಿಂದ ಒದಗಬಹುದಾದ ಅಪಾಯಗಳನ್ನು ಬಳಸುವವರಿಗೆ ಮುಂಚಿತವಾಗಿ ತಿಳಿಸಬೇಕೆ, ಬೇಡವೆ ಎಂಬುದೇ ಅಂದಿನ ವಿಷಯ. ವಿಷಯವನ್ನು ಸೂಚಿಸಿದವರು ಎಂಟನೆಯ ಇಯತ್ತೆಯ ಮಕ್ಕಳು. ಹೆಸರು ಕೊಟ್ಟವರು ಒಂಬತ್ತು ಮಂದಿ. ಒಂಬತ್ತು ಮಂದಿಯೂ ‘ಬೇಕು’ ಎಂಬ ಪಕ್ಷದವರೇ. ‘ಬೇಡ’ ಎನ್ನಲು ಒಬ್ಬರೂ ಮುಂದೆ ಬರಲಿಲ್ಲ. ವಾದಿಯಿದ್ದು ಪ್ರತಿವಾದಿಯಿಲ್ಲದ ನ್ಯಾಯಾಲಯದಂತೆ ಸಭೆಯು ನೀರಸವಾದೀತೆಂದು ಮುಖ್ಯೋಪಾಧ್ಯಾಯರು ನಮ್ಮ ಕಡೆಗೆ ನೋಡಿದರು. ಮುಖ್ಯೋಪಾಧ್ಯಾಯರ ನೋಟಕ್ಕೆ ಏನರ್ಥವೆಂಬುದನ್ನು ಉಪಾಧ್ಯಾಯರಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ನಾವು ‘ಬೇಡ’ ಎಂಬ ಪಕ್ಷವನ್ನು ಹಿಡಿದು ನಿಲ್ಲಬೇಕಾಯಿತು.

ಅಂದು ನಾವು ಆಡಿದ ಮಾತುಗಳಲ್ಲಿ ಕೆಲವು ವಾದಕ್ಕಾಗಿ ಆಡಿದವು, ಕೆಲವು ಮನಸ್ಸಿನಿಂದ ಬಂದವು. ಯಾವುದು ಯಾವುದೆಂದು ಅಂದು ಹೇಳಲಿಲ್ಲ, ಈಗ ಹೇಳಬೇಕಾಗಿದೆ. ಹೋದ ವರ್ಷದ ವಾರ್ಷಿಕ ಸಂಚಿಕೆಯು ಅಷ್ಟು ತೆಳ್ಳಗೆ ಏಕೆ ಹೊರಬಂದಿತೆಂದು ಕೇಳಿದವರಿಗೆಲ್ಲ ನಾವು ‘ಯಂತ್ರ ಕೆಟ್ಟಿತು’ ಎಂದು ಉತ್ತರ ಕೊಟ್ಟು ಸುಮ್ಮನಾಗಿದ್ದೆವು. ಯಂತ್ರವು ತಾನಾಗಿ ಕೆಟ್ಟಿರಲಿಲ್ಲ. ಈ ಲೇಖನದಲ್ಲಿ ‘ನಾವು’ ಎಂದಿರುವುದು ಬರಹದ ಪದ್ಧತಿಯಂತೆ. ಗುಂಡಿಯನ್ನು ಒತ್ತಿದ ಬೆರಳು ಒಂದೇ.

ನಮ್ಮ ಶಾಲೆಯ ಕಛೇರಿಯಲ್ಲಿರುವ ಗಣಕಯಂತ್ರವು ಸದ್ಗೃಹಸ್ಥರೊಬ್ಬರು ತಾವು ಬಳಸಿ ಶಾಲೆಗೆ ದಾನವಾಗಿ ಕೊಟ್ಟದ್ದು. ವಾರ್ಷಿಕ ಸಂಚಿಕೆಯ ಲೇಖನಗಳನ್ನು ಮಕ್ಕಳು ಅದರಲ್ಲಿಯೇ ಬೆರಳಚ್ಚು ಮಾಡುತ್ತಾರೆ. ಮಕ್ಕಳು ಬಳಸುವುದು ಯೂನಿಕೋಡ್ ಎಂಬ ಈಗಿನ ಅಕ್ಷರಸಂಕೇತ. ಮುದ್ರಣಾಲಯದವರು ಬೇಡಿದ್ದು ತಮ್ಮ ಪುಟವಿನ್ಯಾಸದ ತಂತ್ರಾಂಶಕ್ಕೆ ಒಗ್ಗುವ ಹಳೆಯ ಸಂಕೇತ. ಒಂದರಿಂದ ಮತ್ತೊಂದಕ್ಕೆ ಪರಿವರ್ತಿಸದೆ ಕೊಟ್ಟರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಓದುವವನು ಯಾವ ಭಾಷೆಯೆಂದು ತಡಕಾಡಬೇಕಾಗುತ್ತದೆ. ಕನ್ನಡದ ಅಚ್ಚಿನ ಕೆಲಸ ಮಾಡಿಸಿದವರೆಲ್ಲರೂ ಈ ಪಾಡನ್ನು ಬಲ್ಲರು.

ಸಾಹಿತ್ಯವನ್ನು ಮರುದಿನ ಮಧ್ಯಾಹ್ನದೊಳಗೆ ಮುದ್ರಣಾಲಯಕ್ಕೆ ತಲುಪಿಸಬೇಕಾಗಿದ್ದ ಜನವರಿ ತಿಂಗಳ ಒಂದು ಸಂಜೆ, ಅಂಥದೊಂದು ಪರಿವರ್ತಕವನ್ನು ಹುಡುಕುತ್ತ ನಾವು ಕುಳಿತಿದ್ದೆವು. ಅದನ್ನು ಸಿದ್ಧಪಡಿಸಿದವರಿಂದಲೇ ಪಡೆಯುವುದು ಕ್ರಮ. ಆದರೆ ಹುಡುಕಾಟದಲ್ಲಿ ಮೊದಲು ಕಣ್ಣಿಗೆ ಬಿದ್ದುದು, ಯಾರುಯಾರದೋ ತಂತ್ರಾಂಶಗಳನ್ನೆಲ್ಲ ರಾಶಿ ಹಾಕಿಕೊಂಡು ಎಲ್ಲವೂ ಉಚಿತವೆಂದು ಸಾರುತ್ತಿದ್ದ ಮತ್ತೊಂದು ತಾಣ. ಅಲ್ಲಿಂದಲೇ ಇಳಿಸಿಕೊಂಡೆವು. ಕಡತವನ್ನು ತೆರೆದೊಡನೆ ಪರದೆಯ ನಡುವೆ ಒಂದು ನೀಲಿ ಪೆಟ್ಟಿಗೆ ಕಾಣಿಸಿಕೊಂಡಿತು.

ನಾವು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದವರು. ಇಂಗ್ಲಿಷ್ ವಾಕ್ಯವನ್ನು ಓದಲು ಬಾರದೆಂದಲ್ಲ; ಬರುತ್ತದೆ, ಆದರೆ ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುವವರಂತೆ ಒಂದೊಂದೇ ಪದವನ್ನು ದಾಟಬೇಕು. ಆ ಸಂಜೆ ಅಷ್ಟು ಸಾವಧಾನವಿರಲಿಲ್ಲ. ಆದರೂ ಓದಿದೆವು. ಗುರುತಿಲ್ಲದ ತಂತ್ರಾಂಶವೊಂದು ಆರಂಭವಾಗದಂತೆ ತಡೆಯಲಾಗಿದೆ, ಇದನ್ನು ನಡೆಸಿದರೆ ನಿಮ್ಮ ಯಂತ್ರಕ್ಕೆ ಅಪಾಯ ಒದಗಬಹುದು ಎಂಬುದು ಅದರ ತಾತ್ಪರ್ಯ. ಕೆಳಗಡೆ ‘ನಡೆಸಬೇಡ’ ಎಂಬರ್ಥದ ಒಂದೇ ಗುಂಡಿ. ‘ಹೆಚ್ಚಿನ ವಿವರ’ ಎಂಬ ಸಣ್ಣ ಅಕ್ಷರಗಳನ್ನು ಒತ್ತಿದರೆ ಮಾತ್ರ ‘ಆದರೂ ನಡೆಸು’ ಎಂಬ ಇನ್ನೊಂದು ಗುಂಡಿ ಹೊರಬರುತ್ತದೆ. ಅದು ಎಲ್ಲಿ ಅಡಗಿದೆಯೆಂಬುದು ನಮಗೆ ಚೆನ್ನಾಗಿ ಗೊತ್ತಿತ್ತು. ಏಕೆಂದರೆ ಅದೇ ಪೆಟ್ಟಿಗೆಯನ್ನು ಅದಕ್ಕೆ ಮುಂಚೆ ಮೂರು ಬಾರಿ ಕಂಡಿದ್ದೆವು. ಒಮ್ಮೆ ಹಳೆಯ ಮುದ್ರಣಯಂತ್ರವೊಂದಕ್ಕೆ ಬೇಕಾದ ತಂತ್ರಾಂಶಕ್ಕೆ, ಒಮ್ಮೆ ಅಂಕಪಟ್ಟಿ ಸಿದ್ಧಪಡಿಸುವ ತಂತ್ರಾಂಶಕ್ಕೆ, ಮತ್ತೊಮ್ಮೆ ಉತ್ಸಾಹಿ ಕನ್ನಡಿಗರೊಬ್ಬರು ಪುಕ್ಕಟೆಯಾಗಿ ಹಂಚಿದ್ದ ಕೀಲಿಮಣೆಗೆ. ಮೂರು ಸಲವೂ ಒತ್ತಿದೆವು. ಮೂರು ಸಲವೂ ಏನೂ ಆಗಲಿಲ್ಲ. ನಾಲ್ಕನೆಯ ಸಲವೂ ಒತ್ತಿದೆವು.

ಪರಿವರ್ತಕವು ತೆರೆಯಿತು, ಎರಡು ಲೇಖನಗಳನ್ನು ಅಚ್ಚುಕಟ್ಟಾಗಿ ಪರಿವರ್ತಿಸಿಯೂ ಕೊಟ್ಟಿತು. ಉಳಿದುದನ್ನು ಬೆಳಿಗ್ಗೆ ಮಾಡಿದರಾಯಿತೆಂದು ಯಂತ್ರವನ್ನು ಆರಿಸದೆ ಮನೆಗೆ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಕಡತಗಳ ಹೆಸರಿಗೆಲ್ಲ ಅರ್ಥವಿಲ್ಲದ ನಾಲ್ಕು ಅಕ್ಷರಗಳ ಬಾಲ ಮೂಡಿತ್ತು. ಯಾವುದೂ ತೆರೆಯದು. ಪ್ರತಿಯೊಂದು ಕೋಶದಲ್ಲಿಯೂ ಒಂದೊಂದು ಪತ್ರ: ನಿಮ್ಮ ಕಡತಗಳನ್ನು ಬೀಗ ಹಾಕಿ ಇಟ್ಟಿದ್ದೇವೆ, ಇಷ್ಟು ಡಾಲರು ಕೊಟ್ಟರೆ ಕೀಲಿಕೈ ಕೊಡುತ್ತೇವೆ ಎಂದು. ಮೂವತ್ತೆಂಟು ಲೇಖನಗಳಲ್ಲಿ ಇಪ್ಪತ್ತೆರಡಕ್ಕೆ ಮಾತ್ರ ಮಕ್ಕಳ ನೋಟುಬುಕ್ಕಿನಲ್ಲಿ ಕೈಬರಹದ ಪ್ರತಿ ಉಳಿದಿತ್ತು. ಬೇರೆ ಪ್ರತಿ ಮಾಡಿಟ್ಟುಕೊಂಡಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಮಾಡಿಟ್ಟುಕೊಂಡಿದ್ದೆವು, ಅದೇ ಯಂತ್ರಕ್ಕೆ ಚುಚ್ಚಿಯೇ ಬಿಟ್ಟಿದ್ದ ಪೆನ್‌ಡ್ರೈವಿನಲ್ಲಿ.

ಹಾಳಾದ ಹದಿನಾರರಲ್ಲಿ ಒಂದು, ಅಂದು ಏಳನೆಯ ಇಯತ್ತೆಯಲ್ಲಿದ್ದ ಬಾಲಕಿಯೊಬ್ಬಳದು. ವಿಜಾಪುರದ ಕಡೆಯ ಹಳ್ಳಿಯಿಂದ ದೀಪಾವಳಿಗೆ ಮಗನ ಮನೆಗೆ ಬಂದಿದ್ದ ಅಜ್ಜಿಯನ್ನು ಕೂರಿಸಿಕೊಂಡು ಅವಳು ಬೀಸುವ ಹಾಡುಗಳನ್ನು ಕೇಳಿದ್ದಳು. ಅಪ್ಪನ ಮೊಬೈಲಿನಲ್ಲಿ ಧ್ವನಿ ಹಿಡಿದು ತಂದು, ಶಾಲೆ ಬಿಟ್ಟ ಮೇಲೆ ಕುಳಿತು ಬೆರಳಚ್ಚು ಮಾಡಿ, ಜಾಗ ಸಾಲದೆಂದು ಧ್ವನಿಯನ್ನು ಅಳಿಸಿಹಾಕಿದ್ದಳು. ಒಟ್ಟು ಹದಿನಾಲ್ಕು ಹಾಡು. ಕಾಗದದ ಮೇಲೆ ಒಂದಕ್ಷರವಿಲ್ಲ. ಇನ್ನೊಮ್ಮೆ ಅಜ್ಜಿಯನ್ನು ಕೇಳಮ್ಮ ಎಂದೆವು. ಊರಿಗೆ ಫೋನು ಮಾಡಿ ಕೇಳಿದಳು. ‘ಫೋನಿನ್ಯಾಗ ಹಾಡು ನೆನಪಾಗಂಗಿಲ್ಲ ಮಗಳ, ಬೀಸೂಕಲ್ಲಿನ ಮುಂದ ಕುಂತರ ಬರತಾವು’ ಎಂದಳಂತೆ ಅಜ್ಜಿ. ಆ ಕಲ್ಲನ್ನು ಮನೆಯವರು ಎಂದೋ ಹಿತ್ತಲಿಗೆ ಹಾಕಿದ್ದರು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಚರ್ಚಾಕೂಟದಲ್ಲಿ ‘ಎಚ್ಚರಿಕೆ ಬೇಡ’ ಎಂದು ವಾದಿಸಿದೆವು. ಎಚ್ಚರಿಕೆಯು ನಮಗೆ ದೊರೆತಿತ್ತಲ್ಲವೆ? ಅದರಿಂದೇನಾಯಿತು?

ನಮ್ಮ ವಾದ ಹೀಗಿತ್ತು. ಈ ನಗರದ ಲೋಕಲ್ ನಿಲ್ದಾಣಗಳಲ್ಲಿ ಹಳಿ ದಾಟಬೇಡಿರಿ, ಸೇತುವೆಯನ್ನು ಬಳಸಿರಿ ಎಂದು ಮರಾಠಿ, ಹಿಂದಿ, ಇಂಗ್ಲಿಷ್ ಮೂರು ಭಾಷೆಗಳಲ್ಲಿ ದಿನವಿಡೀ ಕೂಗುತ್ತಾರೆ. ಕೂಗಿನ ಕೆಳಗೇ ಜನರು ಹಳಿ ದಾಟುತ್ತಾರೆ. ದಾರಿಹೋಕರಿಗೆಲ್ಲ ಬೊಗಳುವ ನಾಯಿಯ ಸದ್ದಿಗೆ ಮನೆಯವರು ಏಳುವುದಿಲ್ಲ. ೨೦೦೭ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ವಿಸ್ಟಾ ಎಂಬ ಆವೃತ್ತಿಯನ್ನು ಮಾರುಕಟ್ಟೆಗೆ ತಂದಾಗ, ಯಂತ್ರದ ವ್ಯವಸ್ಥೆಯನ್ನು ಮುಟ್ಟುವ ಪ್ರತಿಯೊಂದು ಕಾರ್ಯಕ್ಕೂ ಅನುಮತಿ ಕೇಳುವ ಏರ್ಪಾಟನ್ನು ಅದರಲ್ಲಿ ಸೇರಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಅದು ಎಷ್ಟು ಬಾರಿ ಕೇಳತೊಡಗಿತೆಂದರೆ, ಪ್ರತಿಸ್ಪರ್ಧಿಯಾದ ಆ್ಯಪಲ್ ಸಂಸ್ಥೆಯವರು ಮಾತುಮಾತಿಗೂ ಅಡ್ಡಬಂದು ‘ಬಿಡಲೋ, ಬೇಡವೋ’ ಎಂದು ಕೇಳುವ ಕಾವಲುಗಾರನೊಬ್ಬನನ್ನು ತಮ್ಮ ಜಾಹೀರಾತಿನಲ್ಲಿ ತಂದು ಜನರನ್ನು ನಗಿಸಿದರು. ೨೦೦೯ರಲ್ಲಿ ಬಂದ ವಿಂಡೋಸ್ ೭ರಲ್ಲಿ ಆ ಪ್ರಶ್ನೆಗಳನ್ನು ಕಡಿಮೆ ಮಾಡಬೇಕಾಯಿತು.

ಮೊಬೈಲಿನ ಕಥೆಯೂ ಬೇರೆಯಲ್ಲ. ಆ್ಯಂಡ್ರಾಯ್ಡಿನಲ್ಲಿ ಮೊದಲು, ಆ್ಯಪ್ ಒಂದನ್ನು ಅಳವಡಿಸುವ ಮುನ್ನ ಅದು ಏನೇನನ್ನು ಮುಟ್ಟಲಿದೆಯೆಂಬ ಪಟ್ಟಿಯನ್ನು ಒಮ್ಮೆಗೇ ತೋರಿಸುತ್ತಿದ್ದರು. ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆ ಪಟ್ಟಿಯ ಕಡೆಗೆ ಗಮನ ಕೊಟ್ಟವರು ನೂರಕ್ಕೆ ೧೭ ಮಂದಿ ಮಾತ್ರ. ಅದರ ಅರ್ಥದ ಬಗೆಗೆ ಕೇಳಿದ ಮೂರು ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸಿದವರು ನೂರಕ್ಕೆ ೩ ಮಂದಿ. ಪರೀಕ್ಷೆಯಲ್ಲಿ ಇಂಥ ಫಲಿತಾಂಶ ಬಂದರೆ ನಾವು ಮಕ್ಕಳನ್ನು ಬಯ್ಯುವ ಮುನ್ನ ಪ್ರಶ್ನೆಪತ್ರಿಕೆಯನ್ನು ತಿರುಗಿಸಿ ನೋಡುತ್ತೇವೆ.

ಇನ್ನು ಎಚ್ಚರಿಕೆಯ ಪೆಟ್ಟಿಗೆ ಬಾರದಿದ್ದಾಗ ಅಪಾಯವಿಲ್ಲವೆನ್ನಬಹುದೆ? ಅದೂ ಇಲ್ಲ. ತಂತ್ರಾಂಶ ತಯಾರಿಸಿದವರು ಅದಕ್ಕೆ ತಮ್ಮ ಡಿಜಿಟಲ್ ಸಹಿಯನ್ನು ಹಾಕಬಹುದು. ಸಹಿ ಸರಿಯಾಗಿದ್ದು, ಬಹುಜನರು ಇಳಿಸಿಕೊಂಡ ಕಡತವಾಗಿದ್ದರೆ ನೀಲಿ ಪೆಟ್ಟಿಗೆ ಮೇಲೇಳುವುದಿಲ್ಲ. ಆ ಸಹಿಯ ಪ್ರಮಾಣಪತ್ರಕ್ಕೆ ಹಣ ತೆರಬೇಕು. ಕನ್ನಡದ ಕೀಲಿಮಣೆಯನ್ನು ಪುಕ್ಕಟೆ ಹಂಚುವ ಬಡಪಾಯಿ ಅದನ್ನು ಎಲ್ಲಿಂದ ತಂದಾನು? ಆದಕಾರಣ ಅವನ ಒಳ್ಳೆಯ ಕಡತಕ್ಕೆ ಎಚ್ಚರಿಕೆಯ ಪೆಟ್ಟಿಗೆ. ಇತ್ತ ೨೦೧೭ರ ಆಗಸ್ಟ್ ೧೫ರಂದು ಸಿಕ್ಲೀನರ್ ಎಂಬ ಹೆಸರುವಾಸಿ ತಂತ್ರಾಂಶದ ಹೊಸ ಆವೃತ್ತಿಯೊಂದು ಹೊರಬಿದ್ದಿತು. ಅದನ್ನು ತಯಾರಿಸುವವರ ಮನೆಯೊಳಗೇ ದುಷ್ಕರ್ಮಿಗಳು ನುಗ್ಗಿ ತಮ್ಮ ವಿಷವನ್ನು ಬೆರೆಸಿದ್ದರು. ಸಹಿ ಮಾತ್ರ ಅಪ್ಪಟ. ಸುಮಾರು ೨೨ ಲಕ್ಷ ೭೦ ಸಾವಿರ ಯಂತ್ರಗಳಿಗೆ ಅದು ತಲುಪಿತು. ಆ ಸಂಸ್ಥೆಯನ್ನು ಅದೇ ವರ್ಷ ಕೊಂಡುಕೊಂಡಿದ್ದವರು ವೈರಸ್ ತಡೆಯುವ ತಂತ್ರಾಂಶಕ್ಕೆ ಪ್ರಖ್ಯಾತರಾದ ಅವಾಸ್ಟ್ ಸಂಸ್ಥೆಯವರೆಂಬುದು ಅದರ ಮೇಲಿನ ವಿನೋದ. ಎಚ್ಚರಿಕೆಯು ಅಪರಿಚಿತನನ್ನು ಕಂಡು ಹೆದರುತ್ತದೆಯೇ ಹೊರತು ಕಳ್ಳನನ್ನು ಕಂಡಲ್ಲ ಎಂದು ನಾವು ಘೋಷಿಸಿದೆವು. ಚಪ್ಪಾಳೆ ಬಿದ್ದಿತು. ಗೆದ್ದೆವೆಂದೇ ಭಾವಿಸಿದೆವು.

ಆಗ ಎದ್ದವನು ಒಂಬತ್ತನೆಯ ಇಯತ್ತೆಯ ಒಬ್ಬ ಬಾಲಕ. ತಂದೆ ಹೋಟೆಲಿನಲ್ಲಿ ಕೆಲಸ ಮಾಡುವವರು. ಅವನು ಆಡಿದ ಮಾತು ಭಾಷಣದಂತಿರಲಿಲ್ಲ. ‘ಸರ್, ನೀವು ಹೇಳಿದ ನಿಲ್ದಾಣದ ಕೂಗು ದಿನಾ ಓಡಾಡುವವರಿಗೆ ಕೇಳಿಸುವುದಿಲ್ಲ, ನಿಜ. ಊರಿನಿಂದ ಅದೇ ದಿನ ಬಂದವನಿಗೆ ಕೇಳಿಸುತ್ತದಲ್ಲ?’ ಎಂದ. ಮುಂದುವರಿದು, ತಮ್ಮ ಮನೆಯಲ್ಲಿ ಇಂಥ ಗುಂಡಿಗಳನ್ನೆಲ್ಲ ಒತ್ತುವವನು ತಾನೇ ಎಂದ. ಮೊಬೈಲಿನಲ್ಲಿ ಏನಾದರೂ ಪೆಟ್ಟಿಗೆ ಬಂದರೆ ಅಪ್ಪ ಅದನ್ನು ಮಗನ ಕೈಗೆ ಕೊಟ್ಟು, ‘ಏನೋ ಕೇಳ್ತಾ ಉಂಟು, ನೋಡು ಮಗಾ’ ಎನ್ನುತ್ತಾರಂತೆ. ಒಂದು ದಿನ ವಾಟ್ಸ್‌ಆ್ಯಪಿನಲ್ಲಿ ಮದುವೆಯ ಕರೆಯೋಲೆಯೆಂದು ಒಂದು ಕಡತ ಬಂತು. ಊರಿನಲ್ಲಿ ಯಾರದೋ ಮದುವೆಯಿರಬೇಕೆಂದು ಅಪ್ಪನಿಗೆ ಆತುರ. ತೆರೆಯಹೋದರೆ, ಇಲ್ಲಿಂದ ಬಂದ ಅಪರಿಚಿತ ಆ್ಯಪನ್ನು ನಿಮ್ಮ ರಕ್ಷಣೆಗಾಗಿ ತಡೆದಿದ್ದೇವೆ ಎಂಬ ಪೆಟ್ಟಿಗೆ ಎದುರಾಯಿತು. ‘ಕರೆಯೋಲೆ ಎಂದರೆ ಚಿತ್ರ ಇರಬೇಕು, ಇದನ್ನು ಆ್ಯಪ್ ಎನ್ನುತ್ತಿದೆಯಲ್ಲ ಎಂದು ನನಗೆ ಅನಿಸಿತು ಸರ್. ಒತ್ತಲಿಲ್ಲ. ಅಪ್ಪ ಸ್ವಲ್ಪ ಬೈದರು’ ಎಂದು ಕುಳಿತುಬಿಟ್ಟ.

ಸಭೆಯು ನಿಶ್ಶಬ್ದವಾಯಿತು. ಇಂಥ ಕರೆಯೋಲೆಯ ಮೋಸದ ಬಗೆಗೆ ಹಿಮಾಚಲ ಪ್ರದೇಶದ ಪೊಲೀಸರು ೨೦೨೪ರ ನವೆಂಬರಿನಲ್ಲಿ ಎಚ್ಚರಿಸಿದ್ದರೆಂಬುದನ್ನು ನಾವು ಪತ್ರಿಕೆಯಲ್ಲಿ ಓದಿದ್ದೆವು. ಅಂಥ ಆ್ಯಪ್ ಒಳಹೊಕ್ಕರೆ ಬ್ಯಾಂಕಿನಿಂದ ಬರುವ ಗುಟ್ಟಿನ ಸಂಖ್ಯೆಗಳನ್ನು ಓದಿ ಖಾತೆಯನ್ನೇ ಬರಿದು ಮಾಡಬಲ್ಲದು. ಹೋಟೆಲಿನ ಕೆಲಸಗಾರನ ಖಾತೆಯೆಂದರೆ ಊರಿಗೆ ಕಳುಹಿಸಬೇಕಾದ ಹಣ, ಮಗನ ಶಾಲೆಯ ಶುಲ್ಕ, ಎಲ್ಲವೂ ಅದರಲ್ಲೇ. ಅದನ್ನು ಉಳಿಸಿದುದು ನಾವು ನಿಷ್ಪ್ರಯೋಜಕವೆಂದು ಸಾರಿದ ಪೆಟ್ಟಿಗೆಯಲ್ಲಿನ ಒಂದು ಪದ. ‘ಅಪಾಯ’ ಎಂಬ ಪದವಲ್ಲ. ‘ಆ್ಯಪ್’ ಎಂಬ ಪದ. ಒಳಗಿರುವುದು ಏನೆಂದು ಅದು ಹೇಳಿತು, ಆ ಬಾಲಕನಿಗೆ ಅಷ್ಟು ಸಾಕಾಯಿತು.

ಕೊನೆಗೆ ಎದ್ದವಳು ಹಾಡುಗಳನ್ನು ಕಳೆದುಕೊಂಡ ಬಾಲಕಿ. ಈಗ ಎಂಟನೆಯ ಇಯತ್ತೆ. ಅವಳು ವಾದವನ್ನೇನೂ ಹೂಡಲಿಲ್ಲ. ಒಂದು ಪ್ರಶ್ನೆ ಕೇಳಿದಳು. ‘ಸರ್, ನೀವು ಎಂದಾದರೂ ಆ ಗುಂಡಿಯನ್ನು ಒತ್ತಿದ್ದೀರಾ?’

‘ಎಲ್ಲರೂ ಒತ್ತುತ್ತಾರಮ್ಮ’ ಎಂದೆವು. ಘಂಟೆ ಬಾರಿಸಿತು. ನಿರ್ಣಾಯಕರು ‘ಬೇಕು’ ಎಂಬ ಪಕ್ಷಕ್ಕೆ ಜಯವೆಂದು ಸಾರಿದರು. ನಮಗೆ ಅದು ಸೋಲೆನಿಸಲಿಲ್ಲ. ಆದರೆ ಆ ಉತ್ತರವನ್ನು ಕೊಟ್ಟುದರಿಂದ ಮನಸ್ಸಿಗೆ ಹಲವು ದಿನ ನೆಮ್ಮದಿಯಿರಲಿಲ್ಲ.

ಆ ಬಳಿಕವೇ ನಾವು ಈ ವಿಷಯವನ್ನು ಸ್ವಲ್ಪ ಶ್ರದ್ಧೆಯಿಂದ ಓದತೊಡಗಿದುದು. ಓದಿದುದರಲ್ಲಿ ೨೦೦೩ರ ಸಂಗತಿಯೊಂದು ನಮ್ಮ ವಾದದ ಬುಡವನ್ನೇ ಕಡಿಯಿತು. ಆ ವರ್ಷದ ಜನವರಿ ೨೫ರಂದು ಸ್ಲ್ಯಾಮರ್ ಎಂಬ ಹೆಸರಿನ ಒಂದು ಹುಳು ಜಗತ್ತಿನ ಗಣಕಜಾಲದಲ್ಲಿ ಹರಿದಾಡಿತು. ಅದರ ಗಾತ್ರ ೩೭೬ ಬೈಟುಗಳು, ಅಂದರೆ ಈ ಪುಟದ ನಾಲ್ಕೈದು ಸಾಲುಗಳಿಗಿಂತ ಹೆಚ್ಚಿನದಲ್ಲ. ಆರಂಭದಲ್ಲಿ ಪ್ರತಿ ಎಂಟೂವರೆ ಸೆಕೆಂಡಿಗೆ ಅದರ ಸಂಖ್ಯೆ ಇಮ್ಮಡಿಯಾಯಿತು. ಹತ್ತು ನಿಮಿಷಗಳಲ್ಲಿ, ಅದು ಹೊಗಲು ಸಾಧ್ಯವಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಹೊಕ್ಕಿತು. ಕಡಿಮೆಯೆಂದರೂ ೭೫,೦೦೦ ಯಂತ್ರಗಳು. ಬ್ಯಾಂಕ್ ಆಫ್ ಅಮೆರಿಕಾದ ಸಾವಿರಾರು ಎಟಿಎಂಗಳು ಹಣ ಕೊಡದೆ ನಿಂತವು, ವಿಮಾನಗಳು ರದ್ದಾದವು, ದಕ್ಷಿಣ ಕೊರಿಯಾದಲ್ಲಿ ಜಾಲವೇ ಬಹುಮಟ್ಟಿಗೆ ಸ್ತಬ್ಧವಾಯಿತು. ಆ ಹುಳುವು ಹೊಕ್ಕುದು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಂಬ ದತ್ತಸಂಚಯ ತಂತ್ರಾಂಶದ ಒಂದು ಬಿರುಕಿನಿಂದ. ಅದನ್ನು ಮುಚ್ಚುವ ತೇಪೆಯನ್ನು ೨೦೦೨ರ ಜುಲೈ ತಿಂಗಳಲ್ಲಿಯೇ, ಎಂದರೆ ಆರು ತಿಂಗಳು ಮೊದಲೇ ಕೊಟ್ಟಿದ್ದರು.

ತೇಪೆಯಿದ್ದೂ ಜನರು ಏಕೆ ಹಾಕಿಕೊಳ್ಳಲಿಲ್ಲ? ಕೆಲವರದು ಆಲಸ್ಯ. ಆದರೆ ಎಷ್ಟೋ ಮಂದಿಗೆ ತಮ್ಮ ಯಂತ್ರದಲ್ಲಿ ಅಂಥದೊಂದು ವಸ್ತುವಿದೆಯೆಂಬುದೇ ಗೊತ್ತಿರಲಿಲ್ಲ. ಅದೇ ದತ್ತಸಂಚಯದ ಸಣ್ಣ ರೂಪವೊಂದನ್ನು ಬೇರೆಬೇರೆ ತಂತ್ರಾಂಶಗಳನ್ನು ತಯಾರಿಸುವವರು ತಮ್ಮ ಸರಕಿನೊಡನೆ ಸೇರಿಸಿ ಕೊಡುತ್ತಿದ್ದರು. ತನಗೆ ಬೇಕಾದ ಯಾವುದೋ ಒಂದು ತಂತ್ರಾಂಶವನ್ನು ಅಳವಡಿಸಿದವನು ‘ಮುಂದೆ, ಮುಂದೆ’ ಎಂದು ಒತ್ತುತ್ತಿದ್ದಂತೆ, ಅದರ ಇನ್‌ಸ್ಟಾಲರು ಹಿಂದಿನಿಂದ ಈ ದತ್ತಸಂಚಯವನ್ನೂ ಇಳಿಸಿ, ಜಾಲದ ಕಡೆಗೆ ಒಂದು ಬಾಗಿಲನ್ನು ತೆರೆದಿಟ್ಟು ಹೋಗುತ್ತಿತ್ತು. ಮನೆ ಕಟ್ಟಿಸಿಕೊಟ್ಟ ಗುತ್ತಿಗೆದಾರನು ಹಿಂಬದಿಯ ಗೋಡೆಯಲ್ಲಿ ಒಂದು ಬಾಗಿಲಿಟ್ಟು, ಅದನ್ನು ಯಜಮಾನನಿಗೆ ತಿಳಿಸದೆ ಹೋದಂತೆ. ಯಜಮಾನನು ರಾತ್ರಿ ಮುಂಬಾಗಿಲಿಗೆ ಎರಡೆರಡು ಸಲ ಬೀಗ ಎಳೆದು ನೋಡಿ ಮಲಗುತ್ತಾನೆ.

ಇದನ್ನೋದಿದ ಮೇಲೆ ‘ಎಚ್ಚರಿಕೆ ಬೇಡ’ ಎಂಬ ಮಾತನ್ನು ಮತ್ತೆ ಆಡಲು ನಮ್ಮ ನಾಲಗೆ ಏಳಲಿಲ್ಲ. ಆ ಇನ್‌ಸ್ಟಾಲರುಗಳು ಹೇಳಬೇಕಾಗಿದ್ದುದು ಬೆದರಿಕೆಯ ಮಾತಲ್ಲ. ‘ಇದರ ಸಂಗಡ ಇಂಥ ದತ್ತಸಂಚಯವೂ ಬರುತ್ತದೆ, ಅದು ಜಾಲದಿಂದ ಬರುವ ಕರೆಗಳಿಗೆ ಕಿವಿಗೊಟ್ಟು
ಕುಳಿತಿರುತ್ತದೆ, ಅದರ ತೇಪೆಗಳನ್ನು ಬೇರೆಯಾಗಿ ಹಾಕಿಕೊಳ್ಳಬೇಕು’ ಎಂಬ ಮೂರು ವಾಕ್ಯಗಳು ಸಾಕಾಗಿದ್ದವು. ತನ್ನ ಕೈಯಿಂದ ಬಾಗಿಲಿಟ್ಟವನಿಗಲ್ಲದೆ ಮತ್ತಾರಿಗೂ ಅದು ತಿಳಿದಿರಲಾರದು. ತಿಳಿದವನು ತಿಳಿಯದವನಿಗೆ ಹೇಳುವುದು ಉಪಕಾರವಲ್ಲ; ಅದು ಋಣ.

ಋಣವನ್ನು ಬೇಕೆಂದೇ ಮುಚ್ಚಿಟ್ಟವರೂ ಉಂಟು. ೨೦೦೫ರಲ್ಲಿ ಸೋನಿ ಬಿಎಂಜಿ ಎಂಬ ಸಂಗೀತ ಸಂಸ್ಥೆಯು ಪ್ರತಿ ಮಾಡುವುದನ್ನು ತಡೆಯಲೆಂದು ತನ್ನ ಹಲವು ಹಾಡಿನ ತಟ್ಟೆಗಳಲ್ಲಿ ಒಂದು ತಂತ್ರಾಂಶವನ್ನು ಇಟ್ಟಿತ್ತು. ಒಂದು ಸಣ್ಣ ತಂತ್ರಾಂಶವನ್ನು ಅಳವಡಿಸಲಾಗುವುದೆಂದು ಒಪ್ಪಂದದ ಕಾಗದದಲ್ಲಿ ಹೇಳಿದ್ದರೇನೋ ಸರಿಯೆ. ಅದು ಯಂತ್ರದಲ್ಲಿ ತನ್ನನ್ನು ತಾನೇ ಅಡಗಿಸಿಕೊಳ್ಳುತ್ತದೆಂದು ಮಾತ್ರ ಹೇಳಲಿಲ್ಲ. ಮಾರ್ಕ್ ರುಸಿನೊವಿಚ್ ಎಂಬ ತಜ್ಞರು ಅಕ್ಟೋಬರ್ ೩೧ರಂದು ಅದನ್ನು ಬಯಲಿಗೆ ತಂದರು. ಅದು ಮಾಡಿಕೊಟ್ಟ ಅಡಗುದಾಣದಲ್ಲಿ ಕೆಲವೇ ದಿನಗಳಲ್ಲಿ ಬೇರೆ ವೈರಸ್ಸುಗಳೂ ಬಂದು ಕುಳಿತವು. ನವೆಂಬರಿನಲ್ಲಿ ಸಂಸ್ಥೆಯು ತಟ್ಟೆಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಾಡು ಕೇಳಲು ಕುಳಿತವನಿಗೆ ಇದೆಲ್ಲ ಏಕೆ ಬೇಕಾಗಿತ್ತು?

ಆದರೂ ನಿಲ್ದಾಣದ ಕೂಗಿನ ಬಗೆಗೆ ಹೇಳಿದ್ದನ್ನು ನಾವು ಪೂರ್ತಿಯಾಗಿ ಹಿಂದಕ್ಕೆ ಪಡೆಯುವುದಿಲ್ಲ. ರೈಲ್ವೆಯವರು ಬರಿಯ ಕೂಗಿಗೇ ನಿಲ್ಲಲಿಲ್ಲ. ಹಳಿಗಳ ನಡುವೆ ಬೇಲಿ ಹಾಕಿದರು, ಸೇತುವೆಗಳನ್ನು ಹೆಚ್ಚಿಸಿದರು, ಚಲಿಸುವ ಮೆಟ್ಟಿಲುಗಳನ್ನು ತಂದರು. ನಮ್ಮ ಊರುಗಳಲ್ಲಿ ಬಾವಿಗೆ ಕಟ್ಟೆ ಕಟ್ಟುತ್ತಾರೆಯೇ ಹೊರತು ‘ಇಲ್ಲಿ ಬಾವಿಯಿದೆ’ ಎಂದು ಹಲಗೆ ನೆಟ್ಟು ಕೈತೊಳೆದುಕೊಳ್ಳುವುದಿಲ್ಲ. ಆ ದತ್ತಸಂಚಯದ ಬಾಗಿಲು ಹೊರಗಿನವರಿಗೆ ಬೇಡವಾಗಿದ್ದಲ್ಲಿ ಅದನ್ನು ಮುಚ್ಚಿಯೇ ಕೊಡಬಹುದಾಗಿತ್ತು. ಆಗ ಎಚ್ಚರಿಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಆ್ಯಂಡ್ರಾಯ್ಡಿನವರು ೨೦೧೫ರಲ್ಲಿ ಆ ಉದ್ದನೆಯ ಪಟ್ಟಿಯನ್ನು ಕೈಬಿಟ್ಟು, ಆ್ಯಪ್ ಒಂದು ಕ್ಯಾಮರಾವನ್ನೋ ವಿಳಾಸಪುಸ್ತಕವನ್ನೋ ಮುಟ್ಟಲು ಹೋದ ಆ ಕ್ಷಣದಲ್ಲಿಯೇ ಕೇಳುವಂತೆ ಮಾಡಿದರು. ಚಿತ್ರ ತೆಗೆಯಬೇಕಾದಾಗ ಕ್ಯಾಮರಾ ಕೇಳಿದರೆ ಸಹಜ. ಟಾರ್ಚಿನ ಆ್ಯಪು ವಿಳಾಸಪುಸ್ತಕವನ್ನು ಕೇಳಿದರೆ ಎಂಟನೆಯ ಇಯತ್ತೆಯ ಬಾಲಕನಿಗೂ ಹುಬ್ಬು ಮೇಲೇರುತ್ತದೆ.

ಭಾಷೆಯ ಮಾತೊಂದು ಉಳಿಯಿತು. ವಿಂಡೋಸ್ ಆಗಲಿ ಆ್ಯಂಡ್ರಾಯ್ಡ್ ಆಗಲಿ ಕನ್ನಡದಲ್ಲಿಯೂ ದೊರೆಯುತ್ತವೆ. ನಮ್ಮ ಯಂತ್ರವು ಇಂಗ್ಲಿಷಿನಲ್ಲಿಯೇ ಇದ್ದುದು ದಾನ ಕೊಟ್ಟವರ ತಪ್ಪಲ್ಲ. ಬದಲಾಯಿಸಿಕೊಳ್ಳುವ ಉತ್ಸಾಹ ನಮಗೇ ಇರಲಿಲ್ಲ. ನಿಮ್ಮಲ್ಲಿ ಎಷ್ಟು ಮಂದಿ ಮನೆಯ ಮೊಬೈಲನ್ನು ಕನ್ನಡದಲ್ಲಿ ಇಟ್ಟಿದ್ದೀರೆಂದು ತರಗತಿಯಲ್ಲಿ ಕೇಳಿದಾಗ ಎದ್ದ ಕೈಗಳು ಎರಡು. ಉಳಿದವರು ಮುಖ ಮುಖ ನೋಡಿಕೊಂಡು ನಕ್ಕರು. ಆ ನಗೆಯಲ್ಲಿ ನಾವೂ ಪಾಲುಗಾರರಾದುದರಿಂದ ಉಪದೇಶ ಮಾಡಲು ಹೋಗಲಿಲ್ಲ. ಆದರೆ ನಿಮ್ಮ ತಂದೆತಾಯಂದಿರು ಇಂಗ್ಲಿಷಿನ ಪೆಟ್ಟಿಗೆಯೊಂದನ್ನು ನಿಮ್ಮ ಕೈಗೆ ಕೊಟ್ಟು ‘ನೋಡು’ ಎಂದಾಗ, ಅದರಲ್ಲಿರುವುದನ್ನು ಅವರ ಮಾತಿನಲ್ಲಿ ಅವರಿಗೆ ಹೇಳಿ ಆಮೇಲೆ ಒತ್ತಿರಿ. ಒತ್ತಿದ ಮೇಲೆ ಹಣ ಹೋಯಿತೆಂದಾದರೆ ನಾಚಿಕೆಪಟ್ಟು ಅಡಗಿಸಿಡದೆ ಒಡನೆಯೇ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡುವುದು. ಅಡಗಿಸಿಟ್ಟವರ ಪಾಡು ನಮಗೆ ಗೊತ್ತು.

ಈ ಲೇಖನವನ್ನು ಮುದ್ರಣಾಲಯಕ್ಕೆ ಕಳುಹಿಸುವ ಮುನ್ನ ಆ ಬಾಲಕಿಯನ್ನು ಕರೆದು ಓದಲು ಕೊಟ್ಟೆವು. ಕಛೇರಿಯ ಬೆಂಚಿನ ಮೇಲೆ ಕುಳಿತು, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ನಾವು ಹಾಜರಿಪುಸ್ತಕವನ್ನು ತಿರುವಿಹಾಕುತ್ತಿದ್ದೆವು. ಅವಳು ಬಯ್ಯಲಿಲ್ಲ, ಅಳಲಿಲ್ಲ. ‘ಪೆನ್‌ಡ್ರೈವನ್ನಾದರೂ ತೆಗೆದಿಡಬೇಕಿತ್ತು ಸರ್’ ಎಂದಳು. ಅಹುದೆಂದೆವು.

ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಅವಳೂ ಅವಳ ಚಿಕ್ಕಪ್ಪನೂ ಸೇರಿ ಹಿತ್ತಲಿನ ಕಲ್ಲನ್ನು ಎತ್ತಿ ತಂದು, ತೊಳೆದು, ಪಡಸಾಲೆಯಲ್ಲಿ ಇಟ್ಟರಂತೆ. ಗೂಟ ಹೊಸದು. ಅಜ್ಜಿ ಎರಡು ಹಿಡಿ ಜೋಳ ಹಾಕಿ ಕುಳಿತಳು. ಹನ್ನೊಂದು ಹಾಡುಗಳು ಬಂದವು. ಅವುಗಳನ್ನು ಈ ಸಂಚಿಕೆಯಲ್ಲಿಯೇ ಓದಬಹುದು. ಈ ಸಲ ಮೊದಲು ನೋಟುಬುಕ್ಕಿನಲ್ಲಿ ಬರೆದುಕೊಂಡೇ ಬೆರಳಚ್ಚು ಮಾಡಿದ್ದಾಳೆ. ಹನ್ನೆರಡನೆಯದು ಅರ್ಧ ನೆನಪಾಗಿ ನಿಂತಿದೆಯಂತೆ.